ಸರ್ಕಾರಿ ಕಟ್ಟಡಕ್ಕೆ ಮರ ಪೂರೈಕೆ: ಮೊದಲ ಸಲ ಬಿಡ್ ಹಾಕುತ್ತಿದ್ದೇನೆ, ಲೆಕ್ಕ ಸರಿಯೇ?

ಗರಗಸದಮನೆ

ಹದಿನಾಲ್ಕು ವರ್ಷದಿಂದ ಮರ ಕೊಯ್ಯುತ್ತಿದ್ದೇನೆ. ಇಷ್ಟು ದಿನ ಬಡಗಿಗಳು, ಮನೆ ಕಟ್ಟುವವರು, ಪೀಠೋಪಕರಣ ಮಾಡುವವರು ನನ್ನ ಗಿರಾಕಿಗಳು. ಬರುತ್ತಾರೆ, ಹಲಗೆಯನ್ನು ತಟ್ಟಿ ನೋಡುತ್ತಾರೆ, ಚೌಕಾಸಿ ಮಾಡುತ್ತಾರೆ, ಒಯ್ಯುತ್ತಾರೆ. ಈಗ ಮೊದಲ ಬಾರಿಗೆ ಸರ್ಕಾರಿ ವಸತಿ ಕಟ್ಟಡಗಳ ಕೆಲಸದಲ್ಲಿ ಮರ ಪೂರೈಕೆಗೆ ಬಿಡ್ ಹಾಕಬೇಕೆಂದಿದ್ದೇನೆ.

ಎರಡು ಲಾಟುಗಳಿವೆ. ಮೊದಲನೆಯದು ಛಾವಣಿಯ ಪಕಾಸು: 75×50 ಮಿ.ಮೀ., 3 ಮೀಟರ್ ಉದ್ದ, ನಾಲ್ಕೂ ಮೈ ಕೀಸಿದ್ದು, ಸಂರಕ್ಷಕ ಔಷಧ ಉಣಿಸಿದ್ದು, ಒಟ್ಟು 100 ಘನ ಮೀಟರ್. ಎರಡನೆಯದು ಬಾಗಿಲ ಚೌಕಟ್ಟಿನ ಮರ, 40 ಘನ ಮೀಟರ್, ಔಷಧ ಬೇಡ. ಎರಡಕ್ಕೂ ತೇವಾಂಶ ಶೇ. 12 ಇರಬೇಕು, ಶೇ. 15 ಮೀರಬಾರದು. ಪೀಠೋಪಕರಣದವರಿಗೆಂದು ಕಟ್ಟಿಸಿದ 25 ಘನ ಮೀಟರಿನ ಒಣಗೂಡು (ಬಿಸಿಗಾಳಿಯಲ್ಲಿ ಮರ ಒಣಗಿಸುವ ಕೋಣೆ) ನನ್ನಲ್ಲಿದೆ.

ನನ್ನ ಲೆಕ್ಕ ಸರಳ. ದಿಮ್ಮಿಯಲ್ಲಿ ಅರ್ಧದಷ್ಟು ಕೊಯ್ದ ಮರ ಸಿಗುತ್ತದೆ. ಹಾಗಾಗಿ ಮೊದಲ ಲಾಟಿಗೆ 200 ಘನ ಮೀಟರ್ ದಿಮ್ಮಿ. ಅದರ ಬೆಲೆ, ಕೊಯ್ಲು ಕೂಲಿ, ಗೂಡಿನ ಖರ್ಚು, ಸಾಗಣೆ, ಅದರ ಮೇಲೆ ಶೇ. 12 ಲಾಭ. ಏನಾದರೂ ಬಿಟ್ಟುಹೋಗಿದೆಯೇ? ಬಿಡ್ ಸಲ್ಲಿಸಲು ಇನ್ನು ಮೂರು ವಾರವಿದೆ.

ಅವಸರದವ

ಶೇ. 12 ಲಾಭ ಇಟ್ಟರೆ ಗೆಲ್ಲುವುದಿಲ್ಲ. 4 ಇಡಿ. ಕೆಲಸ ಕೈಗೆ ಬಂದ ಮೇಲೆ ಉಳಿದದ್ದನ್ನು ನೋಡಿಕೊಳ್ಳಬಹುದು.

ಹಳೇ ಗುತ್ತಿಗೆದಾರ

"ಉಳಿದದ್ದನ್ನು ನೋಡಿಕೊಳ್ಳಬಹುದು" ಎಂಬ ಮಾತನ್ನು ನಂಬಿ ನಾನು ಒಮ್ಮೆ ಒಂದು ಲಾರಿಯನ್ನೇ ಮಾರಿಕೊಂಡಿದ್ದೇನೆ. ಅದಿರಲಿ.

ಗರಗಸದಮನೆಯವರೇ, ನಿಮ್ಮ ಲೆಕ್ಕದಲ್ಲಿ ಲಾಭ ಸರಿಯಾಗಿದೆ, ಮರವೇ ಕಡಿಮೆ ಬಿದ್ದಿದೆ. ಟೆಂಡರಿನ 75×50 ಎಂಬುದು ಒಣಗಿ, ಕೀಸಿ, ತಯಾರಾಗಿ ನಿಂತ ಅಳತೆ. ಗರಗಸದಿಂದ ಹಸಿಯಾಗಿ ಹೊರಬರುವ ಅಳತೆ ಬೇರೆ. ಕೊನೆಯಿಂದ ಹಿಡಿದು ಹಿಂದಕ್ಕೆ ಬನ್ನಿ.

ಕೀಸಲು ಪ್ರತಿ ಮೈಗೆ 3 ಮಿ.ಮೀ. ಬಿಟ್ಟರೆ ಒಣಮರ 81×56 ಇರಬೇಕು. ಹಸಿಮರ ಒಣಗುವಾಗ ಅಗಲದಲ್ಲಿ ಶೇ. 5, ದಪ್ಪದಲ್ಲಿ ಶೇ. 3 ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ಇದು ಮರದ ಜಾತಿಯ ಮೇಲೂ ಕೊಯ್ದ ದಿಕ್ಕಿನ ಮೇಲೂ ಹೋಗುತ್ತದೆ. ಮರದ ವಾರ್ಷಿಕ ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು ಉಂಗುರಗಳಿಗೆ ಅಡ್ಡವಾಗಿ ಕುಗ್ಗುವುದರ ಹೆಚ್ಚುಕಡಿಮೆ ಎರಡು ಪಟ್ಟು. ಆಗ ಗರಗಸದಲ್ಲಿ ಕೊಯ್ಯಬೇಕಾದ ಅಳತೆ ಸುಮಾರು 85.3×57.7. ಗುಣಿಸಿ ನೋಡಿ: 75×50 ಎಂದರೆ 3750, ಕೊಯ್ಯುವುದು 4922. ಇಲ್ಲಿಗೇ ಶೇ. 31 ಹೆಚ್ಚಾಯಿತು. ತುದಿ ಸೀಳುವುದರಿಂದ 3 ಮೀಟರಿಗೆ 3.1 ಮೀಟರ್ ಕೊಯ್ಯುತ್ತೀರಿ, ಇನ್ನೊಂದು ಶೇ. 3. ಬಾಗಿದ್ದು, ತಿರುಚಿದ್ದು, ಅಂಚಿನಲ್ಲಿ ಸತ್ತ ಗಂಟು ಬಂದದ್ದು ಎಂದು ನೂರಕ್ಕೆ ಏಳು ತುಂಡು ನೀವೇ ಪಕ್ಕಕ್ಕೆ ಹಾಕುತ್ತೀರಿ. ಎಲ್ಲ ಸೇರಿ 100 ಘನ ಮೀಟರ್ ಒಪ್ಪಿಸಲು ಹಸಿಯಾಗಿ ಸುಮಾರು 146 ಘನ ಮೀಟರ್ ಕೊಯ್ಯಬೇಕು. ಅರ್ಧ ಇಳುವರಿ ಎಂದರೆ ದಿಮ್ಮಿ 292.

ನೀವು 200 ಹಿಡಿದಿದ್ದೀರಿ. ಉಳಿದ 92 ಘನ ಮೀಟರ್ ನಿಮ್ಮ ಜೇಬಿನಿಂದ ಹೋಗುತ್ತಿತ್ತು.

ಗರಗಸದಮನೆ

ರಾತ್ರಿ ಕುಳಿತು ಮೂರು ಸಲ ಗುಣಿಸಿದೆ. ಬಡಗಿಗಳಿಗೆ ಮಾರುವಾಗ ಕೊಯ್ದ ಅಳತೆಗೇ ದುಡ್ಡು, ಕೀಸುವುದು ಅವರ ತಲೆನೋವು. ಹಾಗಾಗಿ ಈ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ. ಧನ್ಯವಾದ.

ದಿಮ್ಮಿದಾರ

ಒಂದು ಅಡ್ಡಪ್ರಶ್ನೆ. ಅರ್ಧ ಇಳುವರಿ ಎಂದಿರಲ್ಲ, ಯಾವ ಅಳತೆಯಲ್ಲಿ ಅರ್ಧ?

ನೀವು ದಿಮ್ಮಿಯನ್ನು ಸುತ್ತಳತೆಯ ಕಾಲುಭಾಗದ ವರ್ಗಕ್ಕೆ ಉದ್ದ ಗುಣಿಸಿ ಕೊಳ್ಳುವವರಾದರೆ ಅದು ಹಾಪಸ್ ಲೆಕ್ಕ. 1736ರಲ್ಲಿ ಎಡ್ವರ್ಡ್ ಹಾಪಸ್ ಅಚ್ಚು ಹಾಕಿಸಿದ ಕೋಷ್ಟಕದ ಪುಸ್ತಕದಿಂದ ಬಂದ ಹೆಸರು. ಈ ಲೆಕ್ಕ ದುಂಡನೆಯ ದಿಮ್ಮಿಯ ನಿಜವಾದ ಗಾತ್ರದಲ್ಲಿ ಶೇ. 78.5ರಷ್ಟನ್ನು ಮಾತ್ರ ಎಣಿಸುತ್ತದೆ. ಉಳಿದದ್ದು ಹೊರಸೀಳು, ಗರಗಸದ ಪುಡಿ ಎಂದು ಮೊದಲೇ ಬಿಟ್ಟ ಹಾಗೆ. ಹಾಪಸ್ ಲೆಕ್ಕದಲ್ಲಿ ಅರ್ಧ ಇಳುವರಿ ಎಂದರೆ ನಿಜ ಗಾತ್ರದಲ್ಲಿ ಶೇ. 39 ಮಾತ್ರ. ಇಷ್ಟು ದೊಡ್ಡ ಕೆಲಸಕ್ಕೆ ಹಳೆಯ ಸರಬರಾಜುದಾರರು ಸಾಲದೆ ಹೊಸಬರ ಬಳಿ ಹೋಗುತ್ತೀರಿ. ಅವರು ನಿಜ ಘನ ಮೀಟರಿನಲ್ಲಿ ಮಾರಿದರೆ ನಿಮಗೆ ಬೇಕಾಗುವುದು 292 ಅಲ್ಲ, 370ರ ಮೇಲೆ.

ಗರಗಸದಮನೆ

ಕಾಲುಸುತ್ತಿನ ಲೆಕ್ಕದಲ್ಲೇ ಕೊಳ್ಳುವುದು. ಇದು ನನಗೆ ಹೊಳೆಯುತ್ತಲೇ ಇರಲಿಲ್ಲ.

ದಿಮ್ಮಿದಾರ

ಅಳತೆಯ ಹೆಸರು ನೋಡಿ ಯಾರೂ ಮೋಸ ಹೋಗಬಾರದು ಎಂದು ಇನ್ನೊಂದು ಸೇರಿಸುತ್ತೇನೆ. ಅಮೆರಿಕದಲ್ಲಿ ಎರಡಕ್ಕೆ ನಾಲ್ಕು ಅಂಗುಲ ಎಂದು ಕರೆಯುವ ಮರ ಕೈಗೆ ಬರುವಾಗ ಒಂದೂವರೆಗೆ ಮೂರೂವರೆ ಅಂಗುಲ, ಅಂದರೆ 38×89 ಮಿ.ಮೀ. ಆದರೆ ಬೋರ್ಡ್ ಅಡಿಯ (ಅಲ್ಲಿ ಮರದ ಗಾತ್ರ ಎಣಿಸುವ ಮಾನ) ಲೆಕ್ಕ ಹಾಕುವುದು ಹೆಸರಿನ ಅಳತೆಗೆ. ಹೆಸರಿನ ಗಾತ್ರದಲ್ಲಿ ಮೂರನೇ ಎರಡು ಭಾಗದಷ್ಟೂ ಮರ ಅದರಲ್ಲಿರುವುದಿಲ್ಲ. ನಿಮ್ಮ ಟೆಂಡರಿನಲ್ಲಿ ಹಣ ಕೊಡುವುದು ಹೆಸರಿನ ಅಳತೆಗೋ ನಿಜ ಅಳತೆಗೋ ಎಂಬುದನ್ನು ಹುಡುಕಿ. ಎಲ್ಲೋ ಒಂದು ಸಾಲಿನಲ್ಲಿ ಅಡಗಿರುತ್ತದೆ.

ಗೂಡುಕಾಯುವವ

ಎಲ್ಲರೂ ಗಾತ್ರ ಹಿಡಿದು ಕುಳಿತಿದ್ದೀರಿ. ನನ್ನ ಕಣ್ಣು ಬಿದ್ದದ್ದು ಮೊದಲ ಲಾಟಿನ ಎರಡು ಮಾತುಗಳ ಮೇಲೆ: "ಔಷಧ ಉಣಿಸಿದ್ದು" ಮತ್ತು "ತೇವಾಂಶ ಶೇ. 12". ಈ ಎರಡು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕುಳಿತಿವೆ, ಆದರೆ ಗೂಡಿನ ಮುಂದೆ ನಿಂತವನಿಗೆ ಇವು ಒಂದಕ್ಕೊಂದು ಶತ್ರುಗಳು.

ಒತ್ತಡದ ತೊಟ್ಟಿಯಲ್ಲಿ ಔಷಧ ಹತ್ತಬೇಕಾದರೆ ಮರದ ಜೀವಕೋಶಗಳೊಳಗಿನ ನೀರು ಹೋಗಿರಬೇಕು, ಅಂದರೆ ತೇವಾಂಶ ಶೇ. 25–30ರ ಕೆಳಗಿರಬೇಕು. ಹಾಗಾಗಿ ಮೊದಲು ಒಣಗಿಸುತ್ತೀರಿ. ಆಮೇಲೆ ಕೀಸುತ್ತೀರಿ. ಕೀಸುವುದು ಔಷಧಕ್ಕೆ ಮೊದಲೇ ಆಗಬೇಕು. ನಂತರ ಕೀಸಿದರೆ ಔಷಧ ಹತ್ತಿದ ಹೊರಪದರವೇ ಸಿಪ್ಪೆಯಾಗಿ ನೆಲಕ್ಕೆ ಬೀಳುತ್ತದೆ. ಆಮೇಲೆ ತೊಟ್ಟಿ. ತಾಮ್ರದ ಔಷಧಗಳಾಗಲಿ ಬೋರಾನ್ ಆಗಲಿ ನೀರಿನಲ್ಲಿ ಕರಗಿಸಿ ಉಣಿಸುವಂಥವು. ಕುಡಿಯುವ ಜಾತಿಯ ಮರ ಘನ ಮೀಟರಿಗೆ ನೂರಾರು ಲೀಟರ್ ದ್ರಾವಣ ಕುಡಿಯುತ್ತದೆ. ಹೊರಬಂದಾಗ ಅದು ಮತ್ತೆ ಹಸಿಮರ! ಅದನ್ನು ಶೇ. 12ಕ್ಕೆ ಇಳಿಸಲು ಇನ್ನೊಮ್ಮೆ ಗೂಡಿಗೆ ಹಾಕಬೇಕು.

3 ಮೀಟರಿನ 75×50 ತುಂಡು ಒಂದಕ್ಕೆ 0.01125 ಘನ ಮೀಟರ್. ನೂರು ಘನ ಮೀಟರಿಗೆ 8,889 ತುಂಡು. ಒಂದೊಂದನ್ನೂ ಎರಡು ಸಲ ಅಡ್ಡಪಟ್ಟಿ ಇಟ್ಟು ಪೇರಿಸಬೇಕು, ಎರಡು ಸಲ ಇಳಿಸಬೇಕು. ಕೂಲಿ ನಿಮ್ಮ ಲೆಕ್ಕದಲ್ಲಿ ಒಂದೇ ಸಲ ಇದೆ ಎಂದು ಪಣ ಕಟ್ಟುತ್ತೇನೆ. ಎರಡನೇ ಒಣಗಿಕೆಯಲ್ಲಿ ಇನ್ನೊಂದು ಕಾಟವಿದೆ. ಅಳತೆಗೆ ಸರಿಯಾಗಿ ಕೀಸಿ ಆಗಿದೆ, ಬಾಗಿದರೆ ತಿದ್ದಲು ಮರ ಉಳಿದಿಲ್ಲ. ಮೊದಲ ಸಲ ಬಾಗಿದ್ದನ್ನು ಕೀಸುಳಿ ಮುಚ್ಚುತ್ತದೆ, ಎರಡನೇ ಸಲದ್ದನ್ನು ಯಾರೂ ಮುಚ್ಚುವುದಿಲ್ಲ.

ಅವಸರದವ

ಔಷಧ ಉಣಿಸಿ ಬಿಸಿಲಿಗೆ ಇಟ್ಟರೆ ಸಾಕು. ಯಾರು ಅಳೆಯುತ್ತಾರೆ?

ತೇವಮಾಪಕ

ಅಳೆಯುತ್ತಾರೆ. ನನ್ನ ಮರವನ್ನು ಅಳೆದರು.

ಒಂದು ಸರ್ಕಾರಿ ಕೆಲಸಕ್ಕೆ ದಪ್ಪ ತೊಲೆಗಳನ್ನು ಕಳಿಸಿದ್ದೆ. ತಪಾಸಣೆಗೆ ಬಂದವರು ಮೊದಲು ಸಣ್ಣ ಸೂಜಿಯ ಮಾಪಕವನ್ನು ಮೇಲ್ಮೈಗೆ ಒತ್ತಿದರು. 13 ತೋರಿಸಿತು. ನಾನು ಎದೆಯುಬ್ಬಿಸಿ ನಿಂತಿದ್ದೆ. ಅವರು ಚೀಲದಿಂದ ಇನ್ನೊಂದು ಉಪಕರಣ ತೆಗೆದರು. ಉದ್ದನೆಯ ಸೂಜಿಗಳು, ತುದಿ ಬಿಟ್ಟು ಉಳಿದ ಭಾಗಕ್ಕೆ ವಿದ್ಯುತ್ ಹರಿಯದ ಲೇಪ. ಸುತ್ತಿಗೆಯಂತೆ ಜಾರುವ ಹಿಡಿಯಿಂದ ಟಕ್ ಟಕ್ ಎಂದು ತೊಲೆಯ ನಡುಮಟ್ಟಕ್ಕೆ ಇಳಿಸಿದರು. 19.

ಅಷ್ಟಕ್ಕೇ ಬಿಡಲಿಲ್ಲ. ತೊಲೆಯನ್ನು ನಡುವೆ ಕೊಯ್ಸಿ ಒಂದು ಬಿಲ್ಲೆ ತೆಗೆಸಿದರು. ತುದಿ ಬೇಗ ಒಣಗುವುದರಿಂದ ತುದಿಯ ಬಿಲ್ಲೆ ಸುಳ್ಳು ಹೇಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಇನ್ನೊಂದು ಬಿಲ್ಲೆಯ ಮಧ್ಯದ ಮರ ತೆಗೆದು ಎರಡು ಕವಲು ಉಳಿಸಿದರು. ಕವಲುಗಳು ನಮ್ಮ ಕಣ್ಣೆದುರೇ ಒಂದರ ಕಡೆಗೊಂದು ಬಾಗಿ ಕುಳಿತವು, ನಾಚಿಕೊಂಡ ಹಾಗೆ. ಹೊರಗೆ ಬಿಗಿತ, ಒಳಗೆ ಹಸಿ. ಒಳಹೊರಗಿನ ತೇವ ಸಮವಾಗಲೆಂದು ಗೂಡಿನಲ್ಲಿ ಬಿಡಬೇಕಾದ ಕೊನೆಯ ದಿನಗಳನ್ನು ನಾನು ಮೊಟಕು ಮಾಡಿದ್ದು ಅಲ್ಲಿ ಬಯಲಾಯಿತು. ತಪ್ಪು ನನ್ನದೇ, ಅವರ ಮೇಲೆ ಸಿಟ್ಟಿಲ್ಲ. ಮೂರು ಲಾರಿ ವಾಪಸ್ಸು ಬಂದವು, ಹೋಗುವ ಬಾಡಿಗೆ ಬರುವ ಬಾಡಿಗೆ ಎರಡೂ ನನ್ನದು.

ಇನ್ನೊಂದು ವಿಷಯ. ಮರದ ತೇವಾಂಶದ ಶೇಕಡಾ ಲೆಕ್ಕ ಹಾಕುವುದು ಒಣತೂಕದ ಮೇಲೆ. ಬಿಲ್ಲೆ 124 ಗ್ರಾಂ ಇದ್ದು, 103 ಡಿಗ್ರಿಯ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟಾಗ 100 ಗ್ರಾಂ ಆದರೆ ತೇವಾಂಶ ಶೇ. 24. ಒಮ್ಮೆ ನನ್ನ ಮೇಸ್ತ್ರಿ 24ನ್ನು 124ರಿಂದ ಭಾಗಿಸಿ "19 ಅಷ್ಟೇ ಸ್ವಾಮಿ" ಎಂದು ಖುಷಿಪಟ್ಟಿದ್ದ. ಹಸಿಮರದ ತೇವಾಂಶ ಶೇ. 100 ದಾಟುವುದೂ ಈ ಕಾರಣಕ್ಕೇ. ಸೂಜಿ ಮಾಪಕಕ್ಕೆ ಮರದ ಜಾತಿ, ಉಷ್ಣಾಂಶ ಎರಡರ ತಿದ್ದುಪಡಿಯೂ ಬೇಕು. ಔಷಧದ ಲವಣ ಉಂಡ ಮರದಲ್ಲಿ ಅದು ಇನ್ನಷ್ಟು ದಾರಿ ತಪ್ಪುತ್ತದೆ, ಹಾಗಾಗಿ ಮೊದಲ ಲಾಟಿನಲ್ಲಿ ಜಗಳವಾದರೆ ಒಲೆಯ ಪರೀಕ್ಷೆಯೇ ಕೊನೆಯ ಮಾತು ಎಂದು ಬರೆಸಿಕೊಳ್ಳಿ.

ಅಳತೆಪುಸ್ತಕ

ನಾನು ಮೇಜಿನ ಆಚೆ ಬದಿಯವನು. ಇಂಥ ಟೆಂಡರ್ ದಾಖಲೆಗಳನ್ನು ಬರೆಯುವ, ಬಿಡ್‌ಗಳನ್ನು ತೆರೆಯುವ ಕೆಲಸ ಮಾಡಿದ್ದೇನೆ. ನಮ್ಮ ಕಡೆಯ ಪಾಪವನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ತಾಂತ್ರಿಕ ವಿವರಣೆಯ ಅರ್ಧ ಹಳೆಯ ಕಡತದಿಂದ ಎತ್ತಿದ್ದಿರುತ್ತದೆ. ಬಾಗಿಲಿಗೆ ಬರೆದ ತೇವಾಂಶ ಛಾವಣಿಗೂ ಬಂದು ಕುಳಿತಿರುತ್ತದೆ. ನಿಮ್ಮ ಶೇ. 12ರ ಕಥೆಯೂ ಅದೇ ಇರಬಹುದು. 20 ಡಿಗ್ರಿ ಉಷ್ಣಾಂಶ, ಶೇ. 65 ಆರ್ದ್ರತೆಯ ಗಾಳಿಯಲ್ಲಿ ಮರ ತಾನಾಗಿಯೇ ಸುಮಾರು ಶೇ. 12ಕ್ಕೆ ಬಂದು ನಿಲ್ಲುತ್ತದೆ. ಕೋಣೆಯೊಳಗಿನ ಬಾಗಿಲಿಗೆ ಅದು ಸರಿ. ಗಾಳಿಯಾಡುವ ಛಾವಣಿಯ ಪಕಾಸಿಗೆ ಇಷ್ಟು ಬಿಗಿ ಬೇಕೇ ಎಂಬುದು ಕೇಳಬಹುದಾದ ಪ್ರಶ್ನೆ.

ಆದರೆ ಎಲ್ಲಿ ಕೇಳುತ್ತೀರಿ ಎಂಬುದು ಮುಖ್ಯ. ಬಿಡ್‌ನೊಳಗೆ "ನಾವು ಶೇ. 18 ಕೊಡುತ್ತೇವೆ" ಎಂದು ಒಂದು ಸಾಲು ಸೇರಿಸಿದರೆ ಅದು ಷರತ್ತಿನ ಬಿಡ್, ದರ ಎಷ್ಟೇ ಚೆನ್ನಾಗಿದ್ದರೂ ಪಕ್ಕಕ್ಕೆ ಹೋಗುತ್ತದೆ. ಬಿಡ್ ಪೂರ್ವ ಪ್ರಶ್ನೆಗಳಿಗೆ ಕೊಟ್ಟ ದಿನಾಂಕದೊಳಗೆ ಲಿಖಿತವಾಗಿ ಕೇಳಿ. ಉತ್ತರ ಎಲ್ಲ ಬಿಡ್‌ದಾರರಿಗೂ ಹೋಗುತ್ತದೆ, ಕೇಳಿದವರು ಯಾರೆಂದು ಹೇಳುವುದಿಲ್ಲ. ಆ ತಿದ್ದುಪಡಿ ಪತ್ರ ಕರಾರಿನ ಭಾಗವಾಗುತ್ತದೆ. ಫೋನಿನಲ್ಲಿ ಯಾರೋ "ನಡೆಯುತ್ತದೆ ಬಿಡಿ" ಎಂದದ್ದು ಯಾವುದರ ಭಾಗವೂ ಆಗುವುದಿಲ್ಲ.

ನಾನಾಗಿದ್ದರೆ ಕೇಳುತ್ತಿದ್ದದ್ದು ಇಷ್ಟು. ತೇವಾಂಶವನ್ನು ಔಷಧಕ್ಕೆ ಮೊದಲು ಅಳೆಯುತ್ತಾರೋ, ಒಪ್ಪಿಸುವಾಗಲೋ? ಯಾವ ಆಳದಲ್ಲಿ? ಅಳತೆಯಲ್ಲಿ ಎಷ್ಟು ಮಿಲಿಮೀಟರ್ ಹೆಚ್ಚುಕಡಿಮೆ ನಡೆಯುತ್ತದೆ? ಒಂದು ಕಟ್ಟಿನಿಂದ ಎಷ್ಟು ತುಂಡು ಆರಿಸಿ ನೋಡುತ್ತಾರೆ, ಒಂದು ಬಿದ್ದರೆ ಕಟ್ಟು ಪೂರ್ತಿ ಬೀಳುತ್ತದೆಯೋ ಆ ತುಂಡು ಮಾತ್ರವೋ? ಕೊನೆಯದು ಬಹಳ ದೊಡ್ಡ ಪ್ರಶ್ನೆ. ಇದನ್ನು ಯಾರೂ ಕೇಳುವುದಿಲ್ಲ, ಆಮೇಲೆ ನನ್ನ ಮುಂದೆ ಬಂದು ಅಳುತ್ತಾರೆ.

ಹಳೇ ಗುತ್ತಿಗೆದಾರ

ಇದಕ್ಕೆ ಜೋಡಿಸುವುದು ಒಂದೇ: ಇಳಿಸಿದ ಕ್ಷಣದಿಂದ ಮರ ಯಾರದ್ದು? ನನ್ನ ಮರ ಶೇ. 14ರಲ್ಲಿ ಇಳಿದು, ನಿವೇಶನದಲ್ಲಿ ನೆಲಕ್ಕೆ ತಾಗಿಕೊಂಡೇ ಮೂರು ವಾರ ಹೊದಿಕೆಯಿಲ್ಲದೆ ಮಳೆ ತಿಂದು 22 ಆಗಿತ್ತು. ತಿರಸ್ಕರಿಸಿದೆವು ಎಂಬ ಪತ್ರ ಬಂತು. ನನ್ನನ್ನು ಉಳಿಸಿದ್ದು ಒಂದು ಹಾಳೆ. ಇಳಿಸಿದ ದಿನವೇ ಅವರ ಮೇಲ್ವಿಚಾರಕರನ್ನು ನಿಲ್ಲಿಸಿಕೊಂಡು ಹತ್ತು ತುಂಡುಗಳನ್ನು ಅಳೆದು, ಸಂಖ್ಯೆ ಬರೆದು, ಇಬ್ಬರೂ ಸಹಿ ಹಾಕಿದ್ದೆವು. ಆವತ್ತು ಅವರು ಸಹಿಗೆ ಗೊಣಗಿದ್ದರು. ನಾನು ಚಹಾ ತರಿಸಿ ಕಾದು ಕುಳಿತೆ, ಸಹಿ ಆಗುವವರೆಗೆ ಲಾರಿ ಕದಲಿಸಲಿಲ್ಲ.

ಲೆಕ್ಕಿಗ

ಮರದ ವಿಷಯ ನನಗೆ ತಿಳಿಯದು, ಹಣದ ವಿಷಯ ಹೇಳುತ್ತೇನೆ. ದಿಮ್ಮಿಗೆ ಹಣ ಕೊಡುವ ದಿನದಿಂದ ಸರ್ಕಾರದ ಹಣ ನಿಮ್ಮ ಖಾತೆಗೆ ಬೀಳುವ ದಿನದವರೆಗೆ ಒಂದು ಗೆರೆ ಎಳೆಯಿರಿ. ಕೊಯ್ಲು, ಮೊದಲ ಒಣಗಿಕೆ, ಕೀಸುವುದು, ಔಷಧ, ಎರಡನೇ ಒಣಗಿಕೆ, ಸಾಗಣೆ, ತಪಾಸಣೆ, ಬಿಲ್ಲು, ಮಂಜೂರಾತಿ. ಆರು ತಿಂಗಳಿಗೆ ಕಡಿಮೆ ಬಂದರೆ ನೀವು ಯಾವುದನ್ನೋ ಮರೆತಿದ್ದೀರಿ. ಆ ಅವಧಿಯ ಬಡ್ಡಿಯೂ ಮರದ ಬೆಲೆಯೇ. ಕರಾರಿನಂತೆ ಕೆಲಸ ಮುಗಿಸುತ್ತೇನೆಂದು ಬ್ಯಾಂಕಿನಲ್ಲಿ ಕಟ್ಟಿಹಾಕುವ ಕಾರ್ಯನಿರ್ವಹಣಾ ಖಾತರಿ ಸಾಮಾನ್ಯವಾಗಿ ಕರಾರು ಮೊತ್ತದ ಶೇ. 5ರಿಂದ 10, ಅದಕ್ಕೂ ಬ್ಯಾಂಕು ಶುಲ್ಕ ಹಿಡಿಯುತ್ತದೆ. ವಿಳಂಬ ದಂಡ ಹಲವು ಮಾದರಿ ಕರಾರುಗಳಲ್ಲಿ ವಾರಕ್ಕೆ ಶೇ. 0.5, ಗರಿಷ್ಠ ಶೇ. 10. ಅವಸರದವರು ಹೇಳಿದ ಶೇ. 4 ಲಾಭ ಎಂಟು ವಾರದಲ್ಲಿ ಮುಗಿಯಿತು.

ದರಪಟ್ಟಿ ತುಂಬುವಾಗ ಕೈ ನಡುಗಲಿ, ತಪ್ಪಿಲ್ಲ. ಏಕಮಾನ ದರಕ್ಕೂ ಒಟ್ಟು ಮೊತ್ತಕ್ಕೂ ತಾಳೆಯಾಗದಿದ್ದರೆ ಸಾಮಾನ್ಯ ನಿಯಮದಂತೆ ಏಕಮಾನ ದರವೇ ನಿಲ್ಲುತ್ತದೆ, ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರ ನಿಲ್ಲುತ್ತದೆ. ನನಗೆ ತಿಳಿದ ಒಬ್ಬರು ಘನ ಮೀಟರಿನ ಕಲಮಿನಲ್ಲಿ ಅಭ್ಯಾಸಬಲದಿಂದ ಘನ ಅಡಿಯ ದರ ಬರೆದಿದ್ದರು. ಒಂದು ಘನ ಮೀಟರಿಗೆ 35.3 ಘನ ಅಡಿ. ಬಿಡ್ ತೆರೆದ ಕೋಣೆಯಲ್ಲಿ ಅವರ ದರ ಓದಿದಾಗ ಮೊದಲು ನಗು, ಆಮೇಲೆ ಮೌನ. ಹಿಂತೆಗೆದುಕೊಂಡರೆ ಬಿಡ್ ಜೊತೆ ಇಟ್ಟ ಠೇವಣಿ ಹೋಗುತ್ತದೆ. ಅವರು ಠೇವಣಿಯನ್ನೇ ಬಿಟ್ಟರು, ಅದೇ ಅಗ್ಗ ಎಂದು.

ಅವಸರದವ

ಎಲ್ಲರೂ ಸೇರಿ ಮನುಷ್ಯನನ್ನು ಹೆದರಿಸಿ ಓಡಿಸುತ್ತಿದ್ದೀರಿ. ಮರದ ಬೆಲೆ ಇಳಿಯಲೂಬಹುದಲ್ಲ? ಆಗ ಇದೇ ದರದಲ್ಲಿ ಒಳ್ಳೆಯ ಲಾಭ.

ಹಳೇ ಗುತ್ತಿಗೆದಾರ

ಇಳಿಯಬಹುದು. 2020–21ರಲ್ಲಿ ಉತ್ತರ ಅಮೆರಿಕದಲ್ಲಿ ಕಟ್ಟಡದ ಮರದ ಬೆಲೆ ಒಂದೇ ವರ್ಷದಲ್ಲಿ ಹಲವು ಪಟ್ಟು ಏರಿ, 2021ರ ಮೇ ತಿಂಗಳಲ್ಲಿ ಶಿಖರ ಮುಟ್ಟಿ, ಮೂರು ತಿಂಗಳಲ್ಲಿ ಮತ್ತೆ ಕೆಳಗೆ ಕುಸಿಯಿತು. ಏರಿಕೆಯಲ್ಲಿ ಸ್ಥಿರ ದರಕ್ಕೆ ಒಪ್ಪಿಕೊಂಡವನು ಮುಳುಗಿದ, ಹೆದರಿ ಶಿಖರದಲ್ಲಿ ಸರಕು ತುಂಬಿದವನೂ ಮುಳುಗಿದ. ಬೆಲೆ ಏರಿತು ಎಂಬುದನ್ನು ಅನಿವಾರ್ಯ ಸಂಕಟವೆಂದು ಸಾಮಾನ್ಯವಾಗಿ ಯಾವ ಕರಾರೂ ಒಪ್ಪುವುದಿಲ್ಲ. ದರ ಹೊಂದಾಣಿಕೆಯ ಸೂತ್ರ ಇದೆಯೇ ನೋಡಿ. ಇಲ್ಲದಿದ್ದರೆ ದಿಮ್ಮಿಯವರಿಂದ ಬಿಡ್‌ನ ಸಿಂಧುತ್ವ ಅವಧಿ (ನಿಮ್ಮ ದರಕ್ಕೆ ನೀವು ಕಟ್ಟುಬಿದ್ದಿರುವ ದಿನಗಳು) ಮುಗಿಯುವವರೆಗೂ ಬದ್ಧವಾಗಿರುವ ಲಿಖಿತ ದರ ತೆಗೆದುಕೊಳ್ಳಿ.

ಗರಗಸದಮನೆ

ಸೂತ್ರ ಇಲ್ಲ, ಸ್ಥಿರ ದರ. ಸಿಂಧುತ್ವ 120 ದಿನ. 41ನೇ ಪುಟದಲ್ಲಿ "ಕಾನೂನುಬದ್ಧ ಹಾಗೂ ಸುಸ್ಥಿರ ಮೂಲದ ಪುರಾವೆ" ಎಂದೂ ಇದೆ. ನನ್ನ ದಿಮ್ಮಿಯವರ ಬಳಿ ಎಫ್‌ಎಸ್‌ಸಿ ಪ್ರಮಾಣಪತ್ರ (ಜವಾಬ್ದಾರಿಯಿಂದ ನೋಡಿಕೊಂಡ ಕಾಡಿನ ಮರ ಎಂಬ ಅಂತರರಾಷ್ಟ್ರೀಯ ಗುರುತು) ಇದೆಯಂತೆ. ಅದರ ನಕಲು ಲಗತ್ತಿಸಿದರೆ ಸಾಕಲ್ಲವೇ?

ಇನ್ನೊಂದು ವಿಷಯ ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಿನ್ನೆ ಸಂಜೆ ಒಂದು ಕರೆ ಬಂತು. ಮಾತು ಬಹಳ ಸೌಜನ್ಯದ್ದು. ಮೊದಲ ಲಾಟನ್ನು ಅವರಿಗೆ ಬಿಟ್ಟು ನಾನು ಸ್ವಲ್ಪ ಹೆಚ್ಚಿನ ದರ ಹಾಕಿದರೆ, ಎರಡನೆಯದರಲ್ಲಿ ಅವರು ಹೆಚ್ಚಿನ ದರ ಹಾಕುತ್ತಾರಂತೆ. "ಎಲ್ಲರೂ ಬದುಕಬೇಕಲ್ಲ" ಎಂದರು.

ಅಳತೆಪುಸ್ತಕ

ಕರೆಯ ದಿನ, ಸಮಯ, ಆಡಿದ ಮಾತು ಬರೆದಿಡಿ. "ಆಗಲಿ", "ನೋಡೋಣ" ಎಂದು ಕೂಡ ಹೇಳಬೇಡಿ; ಆಗದು ಎಂದು ಒಂದು ಸಾಲು ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಅವರು ವಿವರಿಸಿದ್ದು ಸರದಿ ಹಂಚಿಕೆಯ ಹಳೆಯ ಆಟ. ಸಂಗ್ರಹಣೆಯಲ್ಲಿ ಬಿಡ್ ಕೂಟವನ್ನು ಹಿಡಿಯುವುದು ಹೇಗೆಂದು ಒಇಸಿಡಿ (ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆ) 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ, ನಾವು ನೋಡುವುದೂ ಅದರಲ್ಲಿರುವಂಥ ಗುರುತುಗಳನ್ನೇ: ಎರಡು ಬಿಡ್‌ಗಳಲ್ಲಿ ಒಂದೇ ಕಾಗುಣಿತ ತಪ್ಪು, ಗೆಲ್ಲುವ ಉದ್ದೇಶವೇ ಇಲ್ಲದ ದುಂಡು ದುಂಡು ದರಗಳು, ಸೋತವರಿಗೆ ಆಮೇಲೆ ಸಿಗುವ ಉಪಗುತ್ತಿಗೆ. ಬಿಡ್ ಜೊತೆ "ಸ್ವತಂತ್ರವಾಗಿ ದರ ನಿರ್ಧರಿಸಿದ್ದೇನೆ" ಎಂಬ ಘೋಷಣೆಗೆ ಸಹಿ ಹಾಕಬೇಕಾಗಿ ಬಂದರೆ ಅದು ಬರೀ ಕಾಗದವಲ್ಲ. ಕಪ್ಪುಪಟ್ಟಿಗೆ ಸೇರಿದ ಮೇಲೆ ಎಲ್ಲರೂ ಬದುಕುವುದಿಲ್ಲ.

ದಿಮ್ಮಿದಾರ

ಪ್ರಮಾಣಪತ್ರದ ನಕಲು ಸಾಲದು. ಎಫ್‌ಎಸ್‌ಸಿ ಎಂಬುದು ಸರಪಳಿ. ಕಾಡಿನಿಂದ ಹಿಡಿದು ಮರದ ಒಡೆತನ ಪಡೆದು ಕೊಯ್ದು ಮಾರುವ ಪ್ರತಿಯೊಬ್ಬರಿಗೂ ಅವರದೇ ಪ್ರಮಾಣಪತ್ರ ಇರಬೇಕು, ಪ್ರತಿ ಸರಕುಪಟ್ಟಿಯಲ್ಲೂ ಸಂಕೇತ ಮತ್ತು ಹೇಳಿಕೆ ನಮೂದಾಗಿರಬೇಕು. ನಿಮ್ಮ ಬಳಿ ಇಲ್ಲದಿದ್ದರೆ ಸರಪಳಿ ನಿಮ್ಮ ಗೇಟಿನಲ್ಲೇ ಕಡಿಯಿತು, ಮರ ಅದೇ ಇದ್ದರೂ. ಆದರೆ 41ನೇ ಪುಟ "ಪುರಾವೆ" ಎನ್ನುತ್ತದೆ, ಎಫ್‌ಎಸ್‌ಸಿ ಎನ್ನುವುದಿಲ್ಲ. ಕಡಿಯುವ ಪರವಾನಗಿ, ಸಾಗಣೆ ರಹದಾರಿ, ಖರೀದಿ ಬಿಲ್ಲು ಇವೆಲ್ಲ ದಿಮ್ಮಿಯ ಸಂಖ್ಯೆಗೆ ತಾಳೆಯಾಗುವಂತೆ ಕೊಟ್ಟರೆ ಒಪ್ಪುತ್ತಾರೆಯೇ ಎಂದು ಇದನ್ನೂ ಲಿಖಿತ ಪ್ರಶ್ನೆಗಳಿಗೆ ಸೇರಿಸಿ.

ಗರಗಸದಮನೆ

ಐದು ಪ್ರಶ್ನೆ ಕಳಿಸಿದ್ದೆ, ತಿದ್ದುಪಡಿ ಪತ್ರ ಬಂತು. ಕಾನೂನುಬದ್ಧತೆಗೆ ಪರವಾನಗಿ ಮತ್ತು ರಹದಾರಿ ಸಾಕು. ಅಳತೆಯಲ್ಲಿ 2 ಮಿ.ಮೀ. ಹೆಚ್ಚುಕಡಿಮೆ ನಡೆಯುತ್ತದೆ. ಕಟ್ಟಿನಿಂದ ಆರಿಸಿದ ಹತ್ತು ತುಂಡುಗಳಲ್ಲಿ ಎರಡು ಬಿದ್ದರೆ ಕಟ್ಟು ಪೂರ್ತಿ ವಾಪಸ್ಸು. ತೇವಾಂಶ: "ಔಷಧೋಪಚಾರದ ನಂತರ, ಒಪ್ಪಿಸುವ ಸ್ಥಳದಲ್ಲಿ, ತುಂಡಿನ ನಡುಮಟ್ಟದಲ್ಲಿ, ಶೇ. 15 ಮೀರದಂತೆ."

ಗೂಡುಕಾಯುವವರ ಮಾತು ಅಕ್ಷರಶಃ ನಿಜವಾಯಿತು. ಮೊದಲ ಲಾಟನ್ನು ಬಿಟ್ಟೆ. ಎರಡನೆಯದಕ್ಕೆ ಮಾತ್ರ ಹಾಕುತ್ತೇನೆ. ಮಗಳು ದರಪಟ್ಟಿ ಓದಿದಳು, ನಾನು ಬರೆದೆ. ಆಮೇಲೆ ನಾನು ಓದಿದೆ, ಅವಳು ನೋಡಿದಳು. ಘನ ಮೀಟರ್ ಎಂಬ ಮಾತಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿಟ್ಟುಕೊಂಡಿದ್ದೆ.

ಅವಸರದವ

ದೊಡ್ಡ ಲಾಟನ್ನೇ ಬಿಟ್ಟಿರಾ! ಸರಿ, ನಿಮ್ಮಿಷ್ಟ.

ಗರಗಸದಮನೆ

ಬಿಡ್ ತೆರೆದರು. ಎರಡನೇ ಲಾಟಿಗೆ ಮೂವರು, ನಾನು ಎರಡನೆಯವನು. ವ್ಯತ್ಯಾಸ ಶೇ. 3ಕ್ಕೂ ಕಡಿಮೆ. ಮೊದಲ ಲಾಟಿನ ಕನಿಷ್ಠ ದರ ಕೇಳಿ ಆಶ್ಚರ್ಯವಾಯಿತು. ಮನೆಗೆ ಬಂದು ಹಿಂದಕ್ಕೆ ಲೆಕ್ಕ ಹಾಕಿದರೆ 200 ಘನ ಮೀಟರ್ ದಿಮ್ಮಿಗೆ ಸರಿಯಾಗಿ ಹೊಂದುತ್ತದೆ. ನನ್ನ ಠೇವಣಿ ಯಾವಾಗ ವಾಪಸ್ಸು ಬರುತ್ತದೆ?

ಲೆಕ್ಕಿಗ

ಗೆದ್ದವರು ಕರಾರಿಗೆ ಸಹಿ ಹಾಕಿ ಖಾತರಿ ಕೊಟ್ಟ ಮೇಲೆ. ಅವರು ಸಹಿ ಹಾಕದಿದ್ದರೆ ನಿಮ್ಮನ್ನು ಕರೆಯಬಹುದು. 120 ದಿನ ನಿಮ್ಮ ದರ ಜೀವಂತ ಇರುತ್ತದೆ, ದಿಮ್ಮಿಯವರ ಲಿಖಿತ ದರವನ್ನು ಎಸೆಯಬೇಡಿ.

ಗರಗಸದಮನೆ

ಎರಡನೇ ಲಾಟಿನವರು ಸಹಿ ಹಾಕಿದರು, ಠೇವಣಿ ಬಂತು. ಇವತ್ತು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಮೊದಲ ಲಾಟು ಗೆದ್ದವರು ಬೆಳಿಗ್ಗೆ ಕರೆ ಮಾಡಿದ್ದರು. ಮರ ಔಷಧದ ತೊಟ್ಟಿಯಿಂದ ಹೊರಬಂದಿದೆಯಂತೆ, ಗೂಡು ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿದರು. ಅಳತೆಪುಸ್ತಕದವರೇ, ಇದು ನೀವು ಹೇಳಿದ ಸೋತವರ ಉಪಗುತ್ತಿಗೆಯ ಹಾಗೆ ಕಾಣುತ್ತದೆಯೇ?

ಅಳತೆಪುಸ್ತಕ

ಆ ಲಾಟಿಗೆ ನೀವು ಬಿಡ್ ಹಾಕಿಯೇ ಇಲ್ಲ, ಮೊದಲೇ ಯಾರೊಂದಿಗೂ ಒಪ್ಪಂದವನ್ನೂ ಮಾಡಿಕೊಂಡಿಲ್ಲ. ಆದರೂ ಅವರ ಕರಾರಿನಲ್ಲಿ ಉಪಗುತ್ತಿಗೆಗೆ ಇಲಾಖೆಯ ಒಪ್ಪಿಗೆ ಬೇಕೆಂದಿರುತ್ತದೆ. ಒಪ್ಪಿಗೆ ಪತ್ರ ತಂದರೆ ಮಾತ್ರ ಗೂಡಿನ ಬಾಗಿಲು ತೆಗೆಯಿರಿ.

ಗೂಡುಕಾಯುವವ

25ರ ಗೂಡು, 100 ಘನ ಮೀಟರ್, ನಾಲ್ಕು ಬಾರಿ ತುಂಬಬೇಕು. ಬಾಡಿಗೆಯನ್ನು ಘನ ಮೀಟರಿಗೆ ಹೇಳಬೇಡಿ, ದಿನಕ್ಕೆ ಹೇಳಿ. ತೊಟ್ಟಿಯಿಂದ ಬಂದ ಮರ ಎಷ್ಟು ದಿನ ಹಿಡಿಯುತ್ತದೆಂದು ಮೊದಲ ಬಾರಿ ತುಂಬಿದಾಗಲೇ ಗೊತ್ತಾಗುವುದು. ಒಳಗೆ ಹಾಕುವ ಮೊದಲು ಹತ್ತು ತುಂಡು ಅಳೆದು ಅವರ ಸಹಿ ತೆಗೆದುಕೊಳ್ಳಿ. ಬಾಗಿದವುಗಳನ್ನು ಆಗಲೇ ಎಣಿಸಿಡಿ.

ಗರಗಸದಮನೆ

ಹಾಳೆ ಸಿದ್ಧವಾಗಿದೆ. ಅವರು ನಾಳೆ ಬರುತ್ತಾರಂತೆ.